ಖಾಲಿ ಬಿಟ್ಟ ಕಾಲಂ

ಬೆಳಿಗ್ಗೆ ಏಳು ಗಂಟೆಗೆ, ಪಾರ್ವತಿನಗರದ ತನ್ನ ಮನೆಯಲ್ಲಿ, ತಿಪ್ಪೇಶ ಕನ್ನಡಿಯ ಮುಂದೆ ನಿಂತು ತನಗೆ ತಾನೇ ಕೈ ಮುಗಿದ. ಸರಿಬರಲಿಲ್ಲ. ಕೈಗಳನ್ನು ಎದೆಯ ಮಟ್ಟದಲ್ಲಿಟ್ಟರೆ ಸಹಕಾರ ಸಂಘದ ಕಾರ್ಯದರ್ಶಿಯ ಹಾಗೆ ಕಾಣುತ್ತಿದ್ದ. ಗದ್ದದವರೆಗೆ ಎತ್ತಿದರೆ ರಜೆ ಕೇಳಲು ಬಂದ ಜವಾನನ ಹಾಗೆ. ತೀರಿಕೊಂಡ ಶಾಸಕ ಚಿದಾನಂದಪ್ಪನವರು ಕೈ ಮುಗಿಯುತ್ತಲೇ ಇರಲಿಲ್ಲ. ಬಲಗೈಯನ್ನು ಸುಮ್ಮನೆ ಒಂದಿಷ್ಟು ಎತ್ತುತ್ತಿದ್ದರು, ಜನ ತಾವಾಗಿ ಬಗ್ಗುತ್ತಿದ್ದರು. ಹಾಗೂ ಒಮ್ಮೆ ಎತ್ತಿ ನೋಡಿದ. ಬಸ್ಸಿಗೆ ಕೈ ಅಡ್ಡ ಹಾಕಿದಂತಾಯಿತು. ಐವತ್ತೆರಡು ವರ್ಷದವನು, ಇಪ್ಪತ್ತಾರು ವರ್ಷ ಮಕ್ಕಳಿಗೆ ಪೌರನೀತಿ ಕಲಿಸಿದವನು, ಟಿಕೆಟ್ಟಿನ ಆಸೆಗೆ ಎರಡು ವರ್ಷದ ಹಿಂದೆ ಸ್ವಯಂನಿವೃತ್ತಿ ತೆಗೆದುಕೊಂಡವನು, ಕನ್ನಡಿಯ ಮುಂದೆ ಹೀಗೆ ಅಂಗಸಾಧನೆ ಮಾಡುತ್ತಿರುವುದನ್ನು ಯಾರಾದರೂ ನೋಡಿಯಾರೆಂದು ಹಿಂದೆ ತಿರುಗಿದರೆ ಬಾಗಿಲಲ್ಲಿ ಜಯಶ್ರೀ ನಿಂತಿದ್ದಳು. ಆಸ್ಪತ್ರೆಯ ಡ್ಯೂಟಿಗೆ ಹೊರಟು ನಿಂತ ಹೆಂಡತಿ. ಅವಳೇನೂ ನಗಲಿಲ್ಲ. ಡಮ್ಮಿ ಸಾಹೇಬರ ಉಪ್ಪಿಟ್ಟು ಆರುತ್ತಿದೆ ಎಂದಷ್ಟೇ ಹೇಳಿ ಚಪ್ಪಲಿ ಮೆಟ್ಟಿಕೊಂಡಳು.

ಡಮ್ಮಿ ಎಂಬ ಮಾತನ್ನು ಅವನು ಮನೆಯಲ್ಲಿ ನಿಷೇಧಿಸಿ ನೋಡಿದ್ದ. ಸರಿಯಾದ ಮಾತು ಬದಲಿ ಅಭ್ಯರ್ಥಿ ಎಂದು ತಿಳಿಸಿ ಹೇಳಿದ್ದ. ಪಕ್ಷ ಕೊಡುವ ಬಿ ಫಾರಂನಲ್ಲಿ ಎರಡು ಹೆಸರಿರುತ್ತವೆ. ಮೊದಲನೆಯವರ ನಾಮಪತ್ರ ಏನೋ ಕಾರಣಕ್ಕೆ ತಿರಸ್ಕೃತವಾದರೆ ಎರಡನೆಯವರು ಪಕ್ಷದ ಅಭ್ಯರ್ಥಿಯಾಗುತ್ತಾರೆ; ಮೊದಲನೆಯವರದು ಊರ್ಜಿತವಾದರೆ ಎರಡನೆಯದು ತಾನಾಗಿ ಉದುರಿಹೋಗುತ್ತದೆ. ಹೀಗೆ ಉದುರುವುದಕ್ಕೆಂದೇ ಪ್ರತಿ ಚುನಾವಣೆಯಲ್ಲೂ ಒಬ್ಬನನ್ನು ಹುಡುಕುತ್ತಾರೆ, ಮರ್ಯಾದಸ್ಥನಾಗಿರಬೇಕು, ತಕರಾರು ಮಾಡಬಾರದು. ಈ ಉಪಚುನಾವಣೆಗೆ ಮೊದಲ ಹೆಸರು ಚಿದಾನಂದಪ್ಪನವರ ಹೆಂಡತಿ ಸಾವಂತ್ರಮ್ಮನವರದು, ಎರಡನೆಯದು ತಿಪ್ಪೇಶನದು. ಆದರೆ ಪಕ್ಷದ ಕಚೇರಿಯಿಂದ ಬಂದ ಫೋನಿನಲ್ಲಿ ನಿಮ್ಮ ಹೆಸರು ಬಿ ಫಾರಂನಲ್ಲಿದೆ ಎಂದರೇ ಹೊರತು ಎಷ್ಟನೆಯದೆಂದು ಹೇಳಿರಲಿಲ್ಲ. ಅವನು ಕೂಡಲೇ ಹೋಗಿ ಪೇಢೆ ತಂದು ಎಡಬಲದ ಹದಿನಾಲ್ಕು ಮನೆಗೆ ಹಂಚಿದ್ದ. ವಿಷಯ ತಿಳಿದದ್ದು ಸಂಜೆ. ಆಮೇಲೆ ಯಾವ ಮನೆಯವರೂ ಏನೂ ಅನ್ನಲಿಲ್ಲ, ಬರೀ ಪೇಢೆ ಚೆನ್ನಾಗಿತ್ತೆಂದು ಸಿಕ್ಕಾಗಲೆಲ್ಲ ಹೇಳತೊಡಗಿದರು. ಅದಾದ ಮೇಲೆ ಅವನು ಹಾಲಿಗೆ ಕೂಡ ಹಿಂದಿನ ಓಣಿಯಿಂದ ಹೋಗಿ ಬರುತ್ತಿದ್ದ.

ಅಂಗಿಯ ಜೇಬಿನಲ್ಲಿ ಒಂದು ಕಾಗದವಿತ್ತು. ಉಪ್ಪಿಟ್ಟು ತಿನ್ನುವಾಗ ಅದು ಮಡಿಕೆಯಾಗಿ ಎದೆಗೆ ಚುಚ್ಚುತ್ತಿತ್ತು, ಆದರೂ ತೆಗೆದು ಬೇರೆ ಕಡೆ ಇಡಲಿಲ್ಲ. ನಿನ್ನೆ ನಾಮಪತ್ರ ಸಲ್ಲಿಸಲು ಕೊನೆಯ ದಿನ. ಸಿರುಗುಪ್ಪದ ತಾಲ್ಲೂಕು ಕಚೇರಿಯಲ್ಲಿ ಸಾವಂತ್ರಮ್ಮನವರ ಕಾಗದ, ತನ್ನ ಕಾಗದ ಎರಡನ್ನೂ ಕೊಟ್ಟು ಬಂದವನು ಅವನೇ, ಯಾಕೆಂದರೆ ಎರಡನ್ನೂ ಬರೆದವನೂ ಅವನೇ. ಅವರ ಪರವಾಗಿ ಕಾಗದಪತ್ರ ನೋಡಿಕೊಳ್ಳುವ ಅಧಿಕಾರವನ್ನೂ ಅವನಿಗೇ ಕೊಟ್ಟಿದ್ದರು. ಇಂಗ್ಲಿಷ್ ಕನ್ನಡ ಎರಡೂ ಬಲ್ಲ, ಎಂಥ ಫಾರಂ ಕೊಟ್ಟರೂ ತುಂಬುವ ಮನುಷ್ಯ ಎಂಬ ಹೆಸರೊಂದು ಅವನಿಗಿತ್ತು. ಮೂರು ಗಂಟೆಗೆ ಕಚೇರಿಯ ಗುಮಾಸ್ತ ಅವನನ್ನು ಕರೆದು ಒಂದು ತಿಳುವಳಿಕೆ ಪತ್ರ ಕೊಟ್ಟ. ಅಭ್ಯರ್ಥಿ ಸಾವಂತ್ರಮ್ಮನವರು ನಾಮಪತ್ರದ ಜೊತೆ ಕೊಟ್ಟ ಪ್ರಮಾಣಪತ್ರದಲ್ಲಿ ಒಂದು ಕಾಲಂ ಖಾಲಿ ಬಿಟ್ಟಿದೆ. ನಾಳೆ ಹನ್ನೊಂದು ಗಂಟೆಗೆ ಪರಿಶೀಲನೆ ಆರಂಭವಾಗುವುದರೊಳಗೆ ಹೊಸ ಪ್ರಮಾಣಪತ್ರ ಸಲ್ಲಿಸದಿದ್ದರೆ ನಾಮಪತ್ರ ತಿರಸ್ಕೃತವಾಗುತ್ತದೆ. ತಿಪ್ಪೇಶ ಅದನ್ನು ಓದಿ, ಸ್ವೀಕರಿಸಿದ್ದೇನೆ ಎಂದು ಸಹಿ ಹಾಕಿ, ಜೇಬಿಗಿಟ್ಟು, ಹೊರಗೆ ಬಂದು ಒಂದು ಮಿರ್ಚಿ ಬಜ್ಜಿ ತಿಂದ. ಹೇಳಬೇಕಾದವರಿಗೆ ಫೋನ್ ಮಾಡಲಿಲ್ಲ. ಮನೆಗೆ ಬಂದ ಮೇಲೆ ಮಾಡೋಣವೆಂದುಕೊಂಡ, ಮನೆಗೆ ಬಂದ ಮೇಲೆ ಊಟವಾಗಲೆಂದುಕೊಂಡ, ಊಟವಾದ ಮೇಲೆ ಹೊತ್ತಾಯಿತೆಂದುಕೊಂಡ. ಮೂರೂ ಕಾರಣಗಳು ಆಯಾ ಹೊತ್ತಿಗೆ ಬಹಳ ಸಮಂಜಸವಾಗಿ ಕಂಡಿದ್ದವು.

ಖಾಲಿ ಉಳಿದ ಕಾಲಂ ಯಾವುದೆಂದು ಅವನಿಗೆ ಕಾಗದ ಓದದೆಯೂ ಗೊತ್ತಿತ್ತು. ಹೋದ ವಾರ ಕುರುಗೋಡಿನಲ್ಲಿ, ಸಾವಂತ್ರಮ್ಮನವರ ಮನೆಯ ಪಡಸಾಲೆಯಲ್ಲಿ, ಅವನು ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು ಒಂದೊಂದೇ ಪ್ರಶ್ನೆ ಓದಿ ಹೇಳುತ್ತಿದ್ದ, ಅವರು ಕಂಬಕ್ಕೆ ಆನಿಕೊಂಡು ಕುಳಿತು ಉತ್ತರ ಕೊಡುತ್ತಿದ್ದರು. ತಂದೆಯ ಹೆಸರು, ಓದು, ಹೊಲದ ಸರ್ವೆ ನಂಬರು. ಕೇಸುಗಳೇನಾದರೂ ಇವೆಯೇ ಎಂದಾಗ ಇಲ್ಲ ಎಂದರು, ಹೊರದೇಶದಲ್ಲಿ ಆಸ್ತಿ ಇದೆಯೇ ಎಂದಾಗ ಸಣ್ಣಗೆ ನಕ್ಕು ಇಲ್ಲ ಎಂದರು. ಪತಿ ಅಥವಾ ಪತ್ನಿ ಎಂಬ ಕಾಲಂ ಬಂದಾಗ ಅವನು, ಪೌರನೀತಿಯ ಮೇಷ್ಟರು, ಇಲ್ಲಿಯೂ ಇಲ್ಲ ಅಂತ ಬರೆಯುತ್ತೇನೆ ಎಂದುಬಿಟ್ಟ. ಅವರು ಕಂಬದಿಂದ ಬೆನ್ನು ಎತ್ತಿ ನೆಟ್ಟಗೆ ಕುಳಿತರು. ಆಮೇಲೆ, ಬ್ಯಾಡ್ರಿ, ಅದೊಂದು ಹಂಗ ಇರ್ಲಿ ಅಂದರು. ಅವನಿಗೆ ನಿಯಮ ಗೊತ್ತಿತ್ತು. ಯಾವ ಕಾಲಮನ್ನೂ ಖಾಲಿ ಬಿಡುವಂತಿಲ್ಲ, ಅನ್ವಯಿಸುವುದಿಲ್ಲವೆಂದಾದರೂ ಬರೆಯಲೇಬೇಕು. ಆ ಹೊತ್ತಿನಲ್ಲಿ ಅದನ್ನು ಹೇಳುವುದು ಕಟುಕತನವಾದೀತೆಂದು, ಆಮೇಲೆ ತಾನೇ ತುಂಬಿದರಾಯಿತೆಂದು ಮುಂದಕ್ಕೆ ಹೋದ. ಆಮೇಲೆ ತುಂಬಲಿಲ್ಲ. ಮರೆತದ್ದು ನಿಜ. ಆದರೆ ಈಗ ಉಪ್ಪಿಟ್ಟಿನ ತಟ್ಟೆಯ ಮುಂದೆ ಕುಳಿತು ಆ ಮರೆವನ್ನು ಹಿಂದು ಮುಂದು ಮಾಡಿ ನೋಡಿದಷ್ಟೂ ಅದು ಬರೀ ಮರೆವಿನ ಹಾಗೆ ಕಾಣಲಿಲ್ಲ. ತನ್ನ ಸ್ವಂತ ಪ್ರಮಾಣಪತ್ರದಲ್ಲಿ ಅವನು ಒಂದು ಅಲ್ಪವಿರಾಮವನ್ನೂ ಮರೆತಿರಲಿಲ್ಲ.

ನಾನೇನೂ ಮಾಡಬೇಕಾಗಿಲ್ಲ ಎಂಬುದೇ ಈ ಪ್ರಸಂಗದ ದೊಡ್ಡ ಸೌಕರ್ಯವಾಗಿತ್ತು. ಸುಮ್ಮನಿದ್ದರೆ ಸಾಕು. ಹನ್ನೊಂದು ಗಂಟೆ ತಾನಾಗಿ ಆಗುತ್ತದೆ, ಒಂದು ಹೆಸರು ಬೀಳುತ್ತದೆ, ಇನ್ನೊಂದು ಎದ್ದು ನಿಲ್ಲುತ್ತದೆ. ಗೋಡೆಯ ಮೇಲೆ ಬುದ್ಧನ ಪಟವಿತ್ತು; ಅದರ ಕೆಳಗೆ ಕುಳಿತು ಇದನ್ನು ಯೋಚಿಸುವುದು ಬೇಡವೆಂದು ಅವನು ತಟ್ಟೆ ಹಿಡಿದುಕೊಂಡು ಅಡುಗೆಮನೆಗೆ ಹೋದ. ಅಲ್ಲಿಯೂ ಅದೇ ಯೋಚನೆ ಬಂತು. ಕೊನೆಗೆ ಒಂದು ಉಪಾಯ ಹೊಳೆಯಿತು. ತಿದ್ದಿದ ಪ್ರಮಾಣಪತ್ರವನ್ನು ಪ್ರಿಂಟ್ ಮಾಡಿಸಿ ಚೀಲದಲ್ಲಿಟ್ಟುಕೊಳ್ಳುವುದು. ಇಟ್ಟುಕೊಂಡರೆ ಕೊಟ್ಟಂತಾಗಲಿಲ್ಲ, ಆದರೆ ಕೊಡಬಾರದೆಂದು ನಿಶ್ಚಯಿಸಿದ ಪಾಪವೂ ಬರಲಿಲ್ಲ. ಜೆರಾಕ್ಸ್ ಅಂಗಡಿಯವನು ಬಾಗಿಲು ತೆರೆಯುವುದನ್ನೇ ಕಾದು, ಕಾಲಮಿನಲ್ಲಿ ಇಲ್ಲ ಎಂಬ ಎರಡು ಅಕ್ಷರ ಟೈಪು ಮಾಡಿ, ಛಾಪಾಕಾಗದದ ಮೇಲೆ ಎಲ್ಲ ಪುಟ ತೆಗೆಸಿದ. ಸಾರ್ ಯಾವಾಗ ಪ್ರಚಾರಕ್ಕೆ ಬರುತ್ತೀರಿ ಎಂದು ಅಂಗಡಿಯವನು ವಿನಯದಿಂದಲೇ ಕೇಳಿದ. ನೋಡೋಣ ಎಂದ ತಿಪ್ಪೇಶ. ಅಂದ ಮೇಲೆ ಆ ನೋಡೋಣದಲ್ಲಿ ಎಷ್ಟು ಅರ್ಥವಿತ್ತೆಂದು ತಾನೇ ಬೆಚ್ಚಿದ.

ಸಿರುಗುಪ್ಪದ ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಮೊದಲ ಅಭ್ಯರ್ಥಿಗೆ ಆರು ಕಾರುಗಳು, ಎರಡನೆಯವನಿಗೆ ಸರ್ಕಾರಿ ಬಸ್ಸು. ಪಕ್ಕದಲ್ಲಿ ಬುತ್ತಿಗಂಟು ತೊಡೆಯ ಮೇಲಿಟ್ಟುಕೊಂಡು ಕುಳಿತ ಹೆಂಗಸು ಭತ್ತದ ನಾಟಿಗೆ ತೆಕ್ಕಲಕೋಟೆ ಕಡೆಗೆ ಹೊರಟವಳು; ಹಂಪಕ್ಕ ಎಂದು ಹಿಂದಿನ ಸೀಟಿನವರು ಕರೆಯುತ್ತಿದ್ದರು. ಚುನಾವಣೆಯ ಮಾತು ಅವಳೇ ತೆಗೆದಳು. ಸತ್ತು ಮೂರು ತಿಂಗಳಾಗಿಲ್ಲ, ಆಯಮ್ಮನ್ನ ಜೀಪ್ ಹತ್ತಿಸಿ ಊರೂರು ತಿರುಗಿಸುತ್ತಾರಂತೆ, ಮನೆಯಲ್ಲಿ ಕುಂತು ಅಳುವುದಕ್ಕೂ ಬಿಡಲಿಲ್ಲ ಎಂದಳು. ತಿಪ್ಪೇಶನ ಕಿವಿ ನೆಟ್ಟಗಾಯಿತು. ಜನಾಭಿಪ್ರಾಯ ಇದು. ಸಾವಂತ್ರಮ್ಮನವರ ಉಮೇದುವಾರಿಕೆಯ ಬಗ್ಗೆ ತಳಮಟ್ಟದಲ್ಲಿ ಅಸಮಾಧಾನವಿದೆ ಎಂದು ಅವನ ತಲೆಯೊಳಗೆ ಯಾರೋ ವರದಿ ಬರೆಯತೊಡಗಿದರು. ಬೇರೆ ಯಾರಾದರೂ ನಿಂತಿದ್ದರೆ ಹೇಗೆ ಎಂದು ಕೇಳಿದ. ಯಾರು ಎಂದಳು ಹಂಪಕ್ಕ. ಯಾರಾದರೂ ಓದಿದವರು, ಮೇಷ್ಟರುಗಳು ಎಂದ. ಅವಳು ಅವನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿ, ಮೇಷ್ಟರುಗಳು ಸಾಲೆಯಲ್ಲಿರಲಿ ಎಂದು ಬುತ್ತಿಗಂಟನ್ನು ಇನ್ನೊಂದು ತೊಡೆಗೆ ಸರಿಸಿಕೊಂಡಳು. ವರದಿಯ ಈ ಭಾಗವನ್ನು ಅವನು ಬರೆಸಿಕೊಳ್ಳಲಿಲ್ಲ.

ಕೆಂಚನಗುಡ್ಡದ ಹೊಲದಲ್ಲಿ, ಹೊಳೆಯ ದಂಡೆಗೆ, ಚಿದಾನಂದಪ್ಪನವರನ್ನು ಮಣ್ಣು ಮಾಡುವ ದಿನ ಎಷ್ಟು ಜನ ಬಂದಿದ್ದರೆಂದರೆ ಹಾರ ಹಿಡಿದು ನಿಂತ ತಿಪ್ಪೇಶನಿಗೆ ಒಂದೂವರೆ ತಾಸು ಮುಂದೆ ಹೋಗಲಾಗಿರಲಿಲ್ಲ. ಎಲ್ಲರೂ ಅಳುತ್ತಿದ್ದರು. ಅವನಿಗೂ ನಿಜವಾಗಿ ದುಃಖವಾಗಿತ್ತು. ಕೈ ಎತ್ತಿದರೆ ಜನ ಬಗ್ಗುವಂಥ ಆ ಮನುಷ್ಯ ಇವನನ್ನು ಮಾತ್ರ ಮಾಸ್ತರ್ರ ಬರ್ರಿ ಎಂದು ಪಕ್ಕಕ್ಕೆ ಕೂರಿಸಿಕೊಳ್ಳುತ್ತಿದ್ದರು. ಅಂಥ ದುಃಖದಲ್ಲಿ, ಗುಂಡಿಗೆ ಮೊದಲ ಹಿಡಿ ಮಣ್ಣು ಬೀಳುವಾಗ, ಪ್ಯಾಂಟಿನ ಜೇಬಿನೊಳಗೆ ಅವನ ಬಲಗೈಯ ಹೆಬ್ಬೆರಳು ಉಳಿದ ಬೆರಳುಗಳ ಗೆಣ್ಣುಗಳನ್ನು ಎಣಿಸುತ್ತಿತ್ತು. ತೆರವಾದ ಸ್ಥಾನಕ್ಕೆ ಆರು ತಿಂಗಳೊಳಗೆ ಚುನಾವಣೆ ನಡೆಯಬೇಕು. ಈ ತಿಂಗಳು ಬಿಟ್ಟು ಒಂದು, ಎರಡು, ಮೂರು. ಏನು ಮಾಡುತ್ತಿದ್ದೇನೆಂದು ತಿಳಿದಾಗ ಕೈಯನ್ನು ಜೇಬಿನಿಂದ ಹೊರಗೆಳೆದಿದ್ದ, ಪಕ್ಕದಲ್ಲಿದ್ದವರು ಇವನಿಗೆ ಕರವಸ್ತ್ರ ಬೇಕೇನೋ ಎಂದು ತಮ್ಮದನ್ನು ಕೊಟ್ಟಿದ್ದರು. ಅದರಿಂದ ಕಣ್ಣು ಒರೆಸಿಕೊಂಡ. ಒಗೆದು ಇಸ್ತ್ರಿ ಮಾಡಿದ ಆ ಕರವಸ್ತ್ರ ಇನ್ನೂ ಅವನ ಕಪಾಟಿನಲ್ಲೇ ಇದೆ, ಹಿಂದಿರುಗಿಸಿಲ್ಲ.

ಕುರುಗೋಡಿಗೆ ತಿರುಗುವ ಕ್ರಾಸು ಬಂತು. ಕಂಡಕ್ಟರ್ ಕ್ರಾಸ್, ಕ್ರಾಸ್ ಎಂದು ಕೂಗಿದ. ಇಬ್ಬರು ಇಳಿದರು. ತಿಪ್ಪೇಶ ಚೀಲದ ಹಿಡಿಯನ್ನು ಬಿಗಿಯಾಗಿ ಹಿಡಿದು ಕಿಟಕಿಯ ಹೊರಗೆ ಗದ್ದೆ ನೋಡುತ್ತ ಕುಳಿತ. ಒಂಬತ್ತಾಗಿತ್ತು. ಬಸ್ಸು ಹೊರಟಿತು. ಆಯಿತು, ಮುಗಿಯಿತು, ಇಷ್ಟು ಸುಲಭವೇ ಎನ್ನಿಸಿತು. ನಾಳೆಯ ಪತ್ರಿಕೆ ಕಣ್ಣ ಮುಂದೆ ಬಂತು, ತನ್ನ ಫೋಟೊ, ಕೋಟು ಹಾಕಿಕೊಂಡು ಸ್ಟುಡಿಯೋದಲ್ಲಿ ತೆಗೆಸಿಕೊಂಡದ್ದು. ಅದರ ಕೆಳಗೆ ಏನಿರಬಹುದು? ವಿಧವೆಯ ಕಾಗದ ಅದುಮಿಟ್ಟ ಡಮ್ಮಿ ಎಂದಿರಬಹುದು. ತಿಳುವಳಿಕೆ ಪತ್ರಕ್ಕೆ ಅವನ ಸಹಿ ಇದೆ, ಯಾರಾದರೂ ಕೆದಕಿಯೇ ಕೆದಕುತ್ತಾರೆ. ಆದರೆ ಅದಕ್ಕೂ ಅವನು ಏಳಲಿಲ್ಲ. ಹೆದರಿಕೆಯನ್ನು ಹೊಟ್ಟೆಯಲ್ಲಿಟ್ಟುಕೊಂಡು ಬದುಕುವ ಅಭ್ಯಾಸ ಅವನಿಗಿತ್ತು. ಅವನನ್ನು ಎಬ್ಬಿಸಿದ್ದು ಅದರ ಬೆನ್ನಿಗೇ ಬಂದ ಇನ್ನೊಂದು ಪತ್ರಿಕೆ. ಅದರಲ್ಲೂ ಅದೇ ಫೋಟೊ. ಕೈಗೆ ಬಂದ ಸೀಟನ್ನು ಬಿಟ್ಟುಕೊಟ್ಟ ಮೇಷ್ಟರು, ರಾಜಕಾರಣದಲ್ಲಿ ಇಂಥವರೂ ಇದ್ದಾರೆ. ಈ ಎರಡನೆಯ ಫೋಟೊದಲ್ಲಿ ಅವನ ಮುಖ ಎಷ್ಟು ಚೆನ್ನಾಗಿತ್ತೆಂದರೆ ಅವನು ಧಡಕ್ಕನೆ ಎದ್ದು ಇಳಿಯಬೇಕು ಇಳಿಯಬೇಕು ಎಂದು ಕೂಗಿದ. ಕ್ರಾಸಿನಲ್ಲಿ ಗಂಟಲು ಹರಿಯುವಂತೆ ಕೂಗಿದೆನಲ್ಲ, ಆಗ ನಿದ್ದೆ ಮಾಡುತ್ತಿದ್ದೆಯಾ ಎಂದು ಕಂಡಕ್ಟರ್ ಬೈದು ಸೀಟಿ ಊದಿದ. ಅರ್ಧ ಮೈಲಿ ಹಿಂದಕ್ಕೆ ನಡೆದು, ಕ್ರಾಸಿನಲ್ಲಿ ಆಟೋ ಹಿಡಿದು, ದಾರಿಯುದ್ದಕ್ಕೂ ಅವನು ತನ್ನ ಆತ್ಮಸಾಕ್ಷಿಯ ಬಗ್ಗೆ ಬಹಳ ಗೌರವದಿಂದ ಯೋಚಿಸಿದ.

ಸಾವಂತ್ರಮ್ಮನವರ ಮನೆಯ ಪಡಸಾಲೆಯಲ್ಲಿ ಮೂವತ್ತು ಜನವಾದರೂ ಇದ್ದರು. ನಡುವೆ ಕುರ್ಚಿಯಲ್ಲಿ ಚಿದಾನಂದಪ್ಪನವರ ತಮ್ಮ ವಿರೂಪಾಕ್ಷಿ, ಈ ಚುನಾವಣೆಯ ಎಲ್ಲ ಹಗ್ಗಗಳನ್ನೂ ಹಿಡಿದವನು, ಎರಡು ಫೋನುಗಳಲ್ಲಿ ಮಾತಾಡುತ್ತ ಕುಳಿತಿದ್ದ. ಸಾವಂತ್ರಮ್ಮ ಅಡುಗೆಮನೆಯ ಬಾಗಿಲಲ್ಲಿ ಸೆರಗಿನಿಂದ ಕೈ ಒರೆಸಿಕೊಳ್ಳುತ್ತಿದ್ದರು. ಅವರು ಅವನನ್ನು ನೋಡಿ, ಒಳಗೆ ಬರುತ್ತೀರಾ ಎನ್ನುವಂತೆ ತಲೆಯಾಡಿಸಿದರು. ಒಳಗೆ ಹೋಗಿ ಮೆಲ್ಲಗೆ ಹೇಳಬಹುದಿತ್ತು. ಆದರೆ ಬಸ್ಸಿನಿಂದ ಆಟೋಗೆ, ಆಟೋದಿಂದ ಇಲ್ಲಿಗೆ ಅವನು ತಂದದ್ದು ಮೆಲ್ಲಗೆ ಹೇಳುವಂಥ ಮಾತಾಗಿರಲಿಲ್ಲ. ಪಡಸಾಲೆಯ ಮಧ್ಯೆ ನಿಂತು, ತರಗತಿಯ ದನಿಯಲ್ಲಿ, ಒಂದು ಮುಖ್ಯ ವಿಷಯ ಎಂದ. ವಿರೂಪಾಕ್ಷಿ ಎರಡೂ ಫೋನುಗಳನ್ನು ಕಿವಿಯಿಂದ ಇಳಿಸಿದ. ಪ್ರಮಾಣಪತ್ರದಲ್ಲಿ ಒಂದು ಕಾಲಂ ಖಾಲಿ ಇದೆ, ಹನ್ನೊಂದರೊಳಗೆ ಹೊಸದು ಕೊಡದಿದ್ದರೆ ಅಕ್ಕಾವರ ನಾಮಪತ್ರ ಬಿದ್ದುಹೋಗುತ್ತದೆ, ಬಿದ್ದುಹೋದರೆ ಅಭ್ಯರ್ಥಿಯಾಗುವವನು ನಾನು, ಆದರೂ ಹೇಳಲು ಬಂದಿದ್ದೇನೆ ಎಂದ. ಆದರೂ ಎಂಬುದನ್ನು ಸ್ವಲ್ಪ ಒತ್ತಿಯೇ ಹೇಳಿದ. ತಿಳುವಳಿಕೆ ಪತ್ರ ನಿನ್ನೆ ಮೂರು ಗಂಟೆಗೇ ಕೈಗೆ ಬಂದಿತ್ತೆಂಬುದನ್ನು ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ. ವಿರೂಪಾಕ್ಷಿ ಎದ್ದು ಬಂದು ಬಿಗಿಯಾಗಿ ತಬ್ಬಿಕೊಂಡ. ಇಂಥವರು ಬೇಕು ಪಕ್ಷಕ್ಕೆ ಎಂದು ಎರಡು ಸಲ ಅಂದ. ಯಾರೋ ಚಪ್ಪಾಳೆ ತಟ್ಟಿದರು. ತಬ್ಬಿದವನ ಭುಜದ ಮೇಲಿಂದ ತಿಪ್ಪೇಶ ಸಾವಂತ್ರಮ್ಮನವರ ಕಡೆ ನೋಡಿದ. ಅವರು ಕೈ ಒರೆಸುವುದನ್ನು ನಿಲ್ಲಿಸಿ ಅವನನ್ನೇ ನೋಡುತ್ತಿದ್ದರು. ಆ ನೋಟವನ್ನು ಅವನು ಕೃತಜ್ಞತೆಯೆಂದು ಓದಿಕೊಂಡ.

ಪಕ್ಕದ ಓಣಿಯಿಂದ ನೋಟರಿ ವಕೀಲರನ್ನು ಲುಂಗಿಯಲ್ಲೇ ಎಬ್ಬಿಸಿಕೊಂಡು ಬಂದರು. ಸಾವಂತ್ರಮ್ಮ ನೆಲದ ಮೇಲೆ ಕುಳಿತು ಒಂದೊಂದೇ ಪುಟಕ್ಕೆ ಸಹಿ ಮಾಡುತ್ತ ಹೋದರು, ಅಕ್ಷರಗಳನ್ನು ಬಿಡಿಬಿಡಿಯಾಗಿ ಬರೆಯುವ ಸಹಿ. ನಾಲ್ಕನೆಯ ಪುಟಕ್ಕೆ ಬಂದಾಗ ಪೆನ್ನು ನಿಂತಿತು. ಅವನು ಬೆಳಿಗ್ಗೆ ಟೈಪು ಮಾಡಿದ ಎರಡು ಅಕ್ಷರ ಅಲ್ಲಿದ್ದವು. ಅಕ್ಕ, ಲಗೂ, ಹೊತ್ತಾತು ಎಂದ ವಿರೂಪಾಕ್ಷಿ. ಅವರು ಸಹಿ ಮಾಡಿದರು. ಮುಂದಿನ ಪುಟ ತಿರುವಿ ಕೊಡುವವನು ತಿಪ್ಪೇಶನೇ ಆದ್ದರಿಂದ ಆ ಸಹಿಯ ಅಕ್ಷರಗಳು ಗೆರೆಯಿಂದ ಕೆಳಗೆ ಜಾರಿದ್ದು ಅವನೊಬ್ಬನಿಗೆ ಕಂಡಿತು. ಎಷ್ಟೆಂದರೂ ಹಳ್ಳಿಯ ಹೆಣ್ಣುಮಗಳು, ಇಷ್ಟೊಂದು ಜನರ ಮುಂದೆ ಹೆದರಿಕೆಯಾಗುವುದು ಸಹಜ ಎಂದುಕೊಂಡ. ಅವರು ಹಿಂದೆ ಎರಡು ಅವಧಿಗೆ ಪಂಚಾಯಿತಿ ಅಧ್ಯಕ್ಷೆಯಾಗಿದ್ದದ್ದು ಆಗ ಅವನಿಗೆ ನೆನಪಾಗಲಿಲ್ಲ.

ಕಾರಿನಲ್ಲಿ ಅವನಿಗೆ ಮೊದಲ ಬಾರಿಗೆ ಅಭ್ಯರ್ಥಿಯ ಪಕ್ಕದ ಸೀಟು ಸಿಕ್ಕಿತು. ವಿರೂಪಾಕ್ಷಿ ಮುಂದೆ ಕುಳಿತು ಹಾರ, ಮೈಕು, ಜನ ಎಂದು ಫೋನಿನಲ್ಲಿ ಕೂಗುತ್ತಿದ್ದ. ಪ್ರಮಾಣಪತ್ರದ ಲಕೋಟೆ ತಿಪ್ಪೇಶನ ತೊಡೆಯ ಮೇಲಿತ್ತು. ಕಾಲುವೆಯ ಪಕ್ಕದಲ್ಲಿ ನಾಟಿ ನಡೆದಿತ್ತು. ಏನಾದರೂ ಹೇಳುವುದು ಒಳ್ಳೆಯದೆಂದು, ಕರ್ತವ್ಯವಷ್ಟೇ ಮಾಡಿದೆ ಅಕ್ಕಾರ, ದೊಡ್ಡದೇನಲ್ಲ ಎಂದ. ಸಾವಂತ್ರಮ್ಮ ಹೊರಗೆ ನೋಡುತ್ತಿದ್ದವರು ತಿರುಗಲಿಲ್ಲ. ಮುಂದಿನವನಿಗೆ ಕೇಳಿಸದಷ್ಟು ಸಣ್ಣ ದನಿಯಲ್ಲಿ ಮಾತಾಡಿದರು.

"ನಿನ್ನಿ ಸಂಜಿಕ ಆ ಆಫೀಸಿನಿಂದ ನನಗೂ ಫೋನ್ ಬಂದಿತ್ತು ಮಾಸ್ತರ್ರ. ಕಾಲಂ ಖಾಲಿ ಐತಿ, ಮಾಸ್ತರ್ರ ಕೈಯಾಗ ನೋಟೀಸ್ ಕೊಟ್ಟೀವಿ ಅಂದ್ರು. ಆತು, ಅವರು ನೋಡ್ಕಂತಾರ ಅಂದೆ."

ತಿಪ್ಪೇಶ ಲಕೋಟೆಯನ್ನು ತೊಡೆಯ ಮೇಲೆ ನೆಟ್ಟಗೆ ಸರಿಸಿಕೊಂಡ. ಹೇಳಬೇಕೆಂದೇ ಇದ್ದೆ, ರಾತ್ರಿ ಹೊತ್ತಾಗಿತ್ತು ಎಂದು ತೊದಲಿದ.

"ನೀವು ಹೇಳಬಾರದು ಅಂತಾನ ನಾನು ಕುಂತಿದ್ದೆ. ನಿಮಗ ಆಸಿ ಐತಿ, ನನಗ ಗೊತ್ತೈತಿ. ಆಸಿ ಇರೋರು ಸುಮ್ನ ಇರ್ತಾರ ಅಂತ ನಂಬಿದ್ದೆ. ಮೂರು ತಿಂಗಳಿಗೆ ನಿನ್ನಿ ಒಂದೀಟು ನಿದ್ದಿ ಬಂತು."

ಅವನಿಗೆ ಅರ್ಥವಾಗಲು ಒಂದು ಊರು ದಾಟುವಷ್ಟು ಹೊತ್ತು ಬೇಕಾಯಿತು. ಬೇಡವಾಗಿದ್ದರೆ ಬೇಡ ಎನ್ನಬಹುದಿತ್ತಲ್ಲ ಎಂದು ಕೇಳಿದ. ಅವರು ಮುಂದಿನ ಸೀಟಿನ ಕಡೆ ಕಣ್ಣು ಮಾಡಿದರು. ಮೈದುನನಿಗೆ ಮೂರು ಸಲ ಬೇಡವೆಂದರಂತೆ. ಮೊದಲ ಸಲ ಬೇಡವೆಂದಾಗ ಹತ್ತು ಜನ ಬಂದು ಕೇಳಿಕೊಂಡರು, ಎರಡನೆಯ ಸಲ ಮಠದ ಸ್ವಾಮಿಗಳು ಹೇಳಿಕಳಿಸಿದರು, ಮೂರನೆಯ ಸಲ ಬೇಡವೆಂದದ್ದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ, ಪೋಸ್ಟರ್ ಅಚ್ಚಿಗೆ ಹೋಗಿತ್ತು. ಕಾಗದ ತಾನಾಗಿ ಬಿದ್ದುಹೋದರೆ ಯಾರನ್ನೂ ಎದುರು ಹಾಕಿಕೊಂಡ ಹಾಗಾಗುತ್ತಿರಲಿಲ್ಲ.

"ಊರೂರಿಗೆ ಹೋಗಿ ಅವರಿಲ್ಲ, ಅವರಿಲ್ಲ ಅಂತ ಹೇಳ್ಕಂತ ಅಡ್ಡಾಡಬೇಕು ನಾನು. ಮನ್ಯಾಗ ಇನ್ನಾ ಒಂದ್ ಸಲಾನೂ ಆ ಮಾತು ಬಾಯಿಲೆ ಅಂದಿಲ್ಲ. ನನಗ ಒಬ್ಬಾಕಿಗೇ ಹೇಳಿದ್ರ ಆಗ್ತಿತ್ತು ಮಾಸ್ತರ್ರ. ಒಳಗ ಕರದೆನಲ್ಲ. ನೀವು ಎಲ್ಲಾರ ಮುಂದ ಹೇಳಿದ್ರಿ."

ಇಷ್ಟು ಹೇಳಿ ಅವರು ಮತ್ತೆ ಹೊರಗೆ ನೋಡತೊಡಗಿದರು. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಅವನು ಅದಕ್ಕೆ ತಕ್ಕ ಒಂದು ಮುಖ ಮಾಡಿಕೊಳ್ಳಬಹುದಿತ್ತು. ಇಡೀ ಜನ್ಮದಲ್ಲಿ ಅವನ ಸಣ್ಣತನವನ್ನು ಒಬ್ಬರು ನಂಬಿದ್ದರು, ಅದರ ಮೇಲೆ ಭಾರ ಹಾಕಿ ಒಂದು ನಿದ್ದೆ ಮಾಡಿದ್ದರು, ಅವನು ಆ ಸಣ್ಣತನಕ್ಕೂ ಎರಡು ಬಗೆದಿದ್ದ. ಒಳ್ಳೆಯವನಾಗಿ ಕಾಣಿಸಿಕೊಳ್ಳಲು ಬಸ್ಸು ನಿಲ್ಲಿಸಿ ಇಳಿದಿದ್ದ. ನಿನ್ನೆ ಮಿರ್ಚಿ ತಿಂದ ತಿಪ್ಪೇಶನೇ ಇಂದಿನ ತಿಪ್ಪೇಶನಿಗಿಂತ ಎಷ್ಟೋ ವಾಸಿ ಎಂದು ತೋರಿ ಅವನಿಗೆ ನಾಚಿಕೆಯಾಯಿತು. ವಿರೂಪಾಕ್ಷಿ ಹಿಂದಕ್ಕೆ ತಿರುಗಿ, ಲಕೋಟೆ ಭದ್ರವೇ ಎಂದು ವಿಚಾರಿಸಿದ. ಭದ್ರ ಎಂದು ತಿಪ್ಪೇಶ ಅದನ್ನು ಎತ್ತಿ ತೋರಿಸಿದ.

ಸಿರುಗುಪ್ಪದ ತಾಲ್ಲೂಕು ಕಚೇರಿ ಮುಟ್ಟಿದಾಗ ಹತ್ತೂ ನಲವತ್ತು. ಒಳಗೆ ಹೋಗಿ ಲಕೋಟೆ ಕೊಡಬೇಕಾದವನು ಅವನು. ಪೊಲೀಸರು ತಡೆದು ಹೆಸರು ಕೇಳಿ ಬಿಟ್ಟರು. ಚುನಾವಣಾಧಿಕಾರಿಯ ಕೋಣೆ ಬಲಕ್ಕಿತ್ತು. ಅವನು ಎಡಕ್ಕೆ ತಿರುಗಿ, ವರಾಂಡದ ಕೊನೆಯ ಶೌಚಾಲಯಕ್ಕೆ ಹೋಗಿ, ಚಿಲಕ ಹಾಕಿಕೊಂಡು ನಿಂತ. ಇಪ್ಪತ್ತು ನಿಮಿಷ. ಹೀಗೆ ನಿಂತುಬಿಟ್ಟರೆ ಎಲ್ಲ ಸರಿಹೋಗುತ್ತದೆ. ಸಾವಂತ್ರಮ್ಮ ಮನೆಗೆ ಹೋಗುತ್ತಾರೆ, ಕಂಬಕ್ಕೆ ಆನಿಕೊಂಡು ಬೇಕಾದಷ್ಟು ಹೊತ್ತು ಕೂರುತ್ತಾರೆ. ಅವನು ಅಭ್ಯರ್ಥಿಯಾಗುತ್ತಾನೆ. ಅವನ ಆಸೆಯೂ ಅವರ ಬಿಡುಗಡೆಯೂ ಒಂದೇ ಆಗಿಬಿಟ್ಟಿತ್ತು, ಇಂಥ ಸಂಯೋಗ ಅವನ ಬದುಕಿನಲ್ಲಿ ಹಿಂದೆ ಆಗಿರಲಿಲ್ಲ. ಮೇಷ್ಟರು ಕಾಗದ ಹಿಡಿದುಕೊಂಡು ಕಕ್ಕಸಿನಲ್ಲಿ ಅಡಗಿದ್ದರೆಂದು ಊರು ನಗುತ್ತದೆ, ಮೋಸಗಾರ ಎನ್ನುತ್ತದೆ, ಅನ್ನಲಿ. ಒಬ್ಬರಿಗಾದರೂ ನಿಜ ಗೊತ್ತಿರುತ್ತದೆ. ಆದರೆ ಆ ಒಬ್ಬರಿಗೂ, ಇವನು ನನಗಾಗಿ ನಿಂತನೋ ತನಗಾಗಿ ನಿಂತನೋ ಎಂದು ತಿಳಿಯುವ ಬಗೆಯಿಲ್ಲ. ತನಗೂ ಇಲ್ಲ. ಅದನ್ನು ಬಗೆಹರಿಸಿಕೊಳ್ಳಲು ಅವನು ಪ್ರಾಮಾಣಿಕವಾಗಿ ಪ್ರಯತ್ನಪಟ್ಟ. ನಲ್ಲಿ ಸೋರುತ್ತಿತ್ತು. ಬೆವರು ಲಕೋಟೆಯ ಮೇಲೆ ಬೀಳದಂತೆ ಅದನ್ನು ತಲೆಗಿಂತ ಎತ್ತರಕ್ಕೆ ಹಿಡಿದುಕೊಂಡ. ಹತ್ತೂ ಐವತ್ತೆರಡಾಯಿತು.

ಬಾಗಿಲು ಬಡಿದ ಸದ್ದಾಯಿತು. ಮಾಸ್ತರ್ರ, ಒಳಗ ಅದೀರೇನು ಎಂದು ವಿರೂಪಾಕ್ಷಿ ಕೂಗಿದ. ತಿಪ್ಪೇಶ ಉಸಿರು ಹಿಡಿದ. ಕಾಲಿನ ಚಪ್ಪಲಿ ಕೆಳಗಿನ ಸಂದಿಯಿಂದ ಕಾಣುತ್ತಿರಬೇಕೆಂದು ತಡವಾಗಿ ಹೊಳೆಯಿತು. ವಿರೂಪಾಕ್ಷಿಯ ದನಿಯಲ್ಲಿ ಸಂಶಯವಿರಲಿಲ್ಲ, ಮರುಕವಿತ್ತು.

"ಹೊಟ್ಟಿ ಕೆಟ್ಟೈತೇನು? ಟೆನ್ಶನ್‌ಗೆ ಹಂಗಾಗ್ತೈತಿ. ನೀವು ಆರಾಮ ಬರ್ರಿ, ಲಕ್ವಾಟಿ ಮಾತ್ರ ಬಾಗಲ ಬುಡದಿಂದ ಕೊಡ್ರಿ."

ಬಾಗಿಲಿನ ಕೆಳಗೆ ನಾಲ್ಕು ಬೆರಳಿನಷ್ಟು ಸಂದಿಯಿತ್ತು. ಅಲ್ಲಿ ಒಂದು ಕೈ ಬಂದು ಕಾಯುತ್ತಿತ್ತು, ಉಂಗುರಗಳಿದ್ದ ಕೈ. ಕೊಡುವುದಿಲ್ಲ ಎಂಬ ಮಾತು ಬಾಯಿಯವರೆಗೂ ಬಂತು. ಆ ಮಾತಿನ ಹಿಂದೆ ಏನು ಹೇಳಬೇಕು, ಯಾವ ದನಿಯಲ್ಲಿ, ಕದ ತೆಗೆದ ಮೇಲೆ ಮುಖ ಹೇಗಿಟ್ಟುಕೊಳ್ಳಬೇಕು ಎಂದು ಯೋಚಿಸುವಷ್ಟರಲ್ಲಿ ಅವನು ಬಗ್ಗಿಯಾಗಿತ್ತು. ಯಾರಾದರೂ ಕೈ ಚಾಚಿದರೆ ಕೊಟ್ಟುಬಿಡುವುದು ಅವನ ಹಳೆಯ ರೂಢಿ. ಲಕೋಟೆ ಸಂದಿಯಿಂದ ಜಾರಿ ಆಚೆ ಹೋಯಿತು. ಗ್ಲೂಕೋಸ್ ನೀರು ಕಳಿಸುತ್ತೇನೆ ಎಂದು ಹೇಳಿ ವಿರೂಪಾಕ್ಷಿ ಓಡಿದ. ತಿಪ್ಪೇಶ ಅಲ್ಲಿಯೇ ಕುಕ್ಕರುಗಾಲಲ್ಲಿ ಕುಳಿತು, ಒಬ್ಬನೇ ಇದ್ದುದರಿಂದ, ಸ್ವಲ್ಪ ಅತ್ತ.

ಪರಿಶೀಲನೆ ಬೇಗ ಮುಗಿಯಿತು. ಸಾವಂತ್ರಮ್ಮನವರ ನಾಮಪತ್ರ ಕ್ರಮಬದ್ಧವೆಂದು ಅಧಿಕಾರಿ ಓದಿದರು. ಅದರ ಕೆಳಗೇ ತಿಪ್ಪೇಶನ ಹೆಸರು ಓದಿ, ಬದಲಿ ಅಭ್ಯರ್ಥಿ, ತಿರಸ್ಕೃತ ಎಂದರು. ಆಕ್ಷೇಪಣೆ ಇದೆಯೇ ಎಂದು ಕೇಳುವುದು ಪದ್ಧತಿ. ಇಲ್ಲ ಎಂದು ಅವನೇ ಹೇಳಿದ.

ಕಚೇರಿಯಿಂದ ನೂರು ಮೀಟರ್ ಆಚೆ, ಬಸ್ ನಿಲ್ದಾಣದ ಹತ್ತಿರ, ತೆರೆದ ಜೀಪು ಕಾಯುತ್ತಿತ್ತು. ಜನ ಬಹಳ ಸೇರಿದ್ದರು. ಅಕ್ಕಿ ಗಿರಣಿಯ ಹಮಾಲರು, ಸಂತೆಗೆ ಬಂದವರು, ಬಸ್ಸಿಗೆ ಕಾದವರು. ಸಾವಂತ್ರಮ್ಮನವರನ್ನು ಜೀಪಿನ ಮೇಲೆ ಹತ್ತಿಸಿ, ಕೊರಳಿಗೆ ಹಾರ ಹಾಕಿ, ಕೈಗೆ ಮೈಕು ಕೊಟ್ಟರು. ಭಾಷಣ ನಾಲ್ಕು ಸಾಲಿನದು, ಬರೆದುಕೊಟ್ಟವನು ತಿಪ್ಪೇಶ, ಅವರು ಬಾಯಿಪಾಠ ಮಾಡಿದ್ದರು ಕೂಡ. ಈಗ ಅವರು ಮೈಕು ಹಿಡಿದು ಸುಮ್ಮನೆ ನಿಂತರು. ಒಂದು ನಿಮಿಷವಾಯಿತು. ಜನ ಗುಸುಗುಸು ಶುರುಮಾಡಿದರು. ವಿರೂಪಾಕ್ಷಿ ಗುಂಪಿನಲ್ಲಿ ಹಿಂದೆ ನಿಂತಿದ್ದ ತಿಪ್ಪೇಶನ ರಟ್ಟೆ ಹಿಡಿದು ಎಳೆದುಕೊಂಡು ಬಂದು ಜೀಪಿನ ಪಕ್ಕಕ್ಕೆ ನಿಲ್ಲಿಸಿದ. ಮರೆತಿದ್ದಾರೆ, ಹೇಳಿಕೊಡಿ ಎಂದ. ಅವರು ಮರೆತಿಲ್ಲವೆಂದು ತಿಪ್ಪೇಶನಿಗೆ ಗೊತ್ತಿತ್ತು. ಸಾವಂತ್ರಮ್ಮ ಕೆಳಗೆ ನೋಡಿದರು. ಅವನು ಬಾಯಿ ತೆರೆಯದಿದ್ದರೆ ಅವರು ಸಂಜೆಯವರೆಗೂ ಹೀಗೆಯೇ ನಿಲ್ಲುತ್ತಾರೆ ಎನ್ನಿಸಿತು. ಮೂವತ್ತು ಹುಡುಗರು ನಗುತ್ತಿರುವಾಗ ಪದ್ಯ ಮರೆತು ನಿಂತ ಎಷ್ಟೋ ಮಕ್ಕಳಿಗೆ ಅವನು ಮೊದಲ ಸಾಲು ಹೇಳಿಕೊಟ್ಟಿದ್ದ. ಅದೇ ದನಿ ತಾನಾಗಿ ಬಂತು.

"ನನ್ನ ಯಜಮಾನರು ಇವತ್ತು ನಮ್ಮ ಜೊತೆ ಇಲ್ಲ" ಎಂದ, ಮೆಲ್ಲಗೆ.

"ನನ್ನ ಯಜಮಾನರು," ಎಂದಿತು ಮೈಕು, ಇಡೀ ಬಸ್ ನಿಲ್ದಾಣಕ್ಕೆ ಕೇಳುವಂತೆ. ನಿಂತಿತು. "ಇವತ್ತು ನಮ್ಮ ಜೊತೆ ಇಲ್ಲ."

ಗುಂಪಿನಲ್ಲಿ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು. ಯಾರೋ ಗಟ್ಟಿಯಾಗಿ ಅತ್ತರು, ಆಮೇಲೆ ಜೈಕಾರ ಬಂತು, ಅದು ನಿಲ್ಲುವುದಕ್ಕೆ ಬಹಳ ಹೊತ್ತು ಹಿಡಿಯಿತು. ಗೆದ್ದೆವು ಮಾಸ್ತರ್ರ ಎಂದು ವಿರೂಪಾಕ್ಷಿ ಅವನ ಕಿವಿಯಲ್ಲಿ ಹೇಳಿ, ಇನ್ನು ಮೇಲೆ ಪ್ರತಿ ಊರಿಗೂ ನೀವು ಜೀಪಿನ ಪಕ್ಕದಲ್ಲೇ ಇರಬೇಕು ಎಂದ. ಸಾವಂತ್ರಮ್ಮ ಅಳಲಿಲ್ಲ. ಮೈಕು ಕೆಳಗಿಳಿಸಲೂ ಇಲ್ಲ. ಮುಂದಿನ ಸಾಲಿಗಾಗಿ ಅವನ ಮುಖವನ್ನೇ ನೋಡುತ್ತ ನಿಂತಿದ್ದರು.